ಅಕಾರಾದಿ ಕ್ರಮವೂ ಗಣಕದ ದತ್ತಸಂಚಯವೂ

ಕ್ರಮವಿಲ್ಲದ ಸಂಗ್ರಹವು ರಾಶಿಯಾಗುತ್ತದೆಯೇ ಹೊರತು ಕೋಶವಾಗುವುದಿಲ್ಲ. ನಿಘಂಟಿನ ಪದ, ಹಸ್ತಪ್ರತಿ ಭಂಡಾರದ ಓಲೆಕಟ್ಟು, ಶಾಲೆಯ ದಾಖಲಾತಿ ಪುಸ್ತಕದ ಹೆಸರು, ದಾಸೋಹಕ್ಕೆ ಕಾಣಿಕೆಯಿತ್ತವರ ಪಟ್ಟಿ ಇವೆಲ್ಲವೂ ಬೇಕೆಂದಾಗ ಕೈಗೆ ಸಿಗಬೇಕಾದರೆ ಒಂದು ನಿಯತವಾದ ಅನುಕ್ರಮ ಅವಶ್ಯ. ಕರ್ನಾಟಕ ಸರ್ಕಾರವು 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟದಂತಹ ಮಹಾಸಂಗ್ರಹದಲ್ಲಿ ಒಂದು ವಚನವನ್ನು ಅರಸುವವನಿಗೆ ಅಕಾರಾದಿಯೇ ದಾರಿದೀಪ. ಇಂದು ಆ ದೀಪವನ್ನು ಹಿಡಿಯುವ ಕೆಲಸ ಬಹುಮಟ್ಟಿಗೆ ಗಣಕಯಂತ್ರಕ್ಕೆ ವರ್ಗವಾಗಿದೆ. ಆದುದರಿಂದ ಯಂತ್ರವು ಅಕ್ಷರಗಳ ಅನುಕ್ರಮವನ್ನು ಎಲ್ಲಿಂದ ತಿಳಿಯುತ್ತದೆ, ಆ ತಿಳಿವು ಬದಲಾದರೆ ಏನಾಗುತ್ತದೆ ಎಂಬ ವಿಚಾರವು ಯಂತ್ರಜ್ಞರಿಗೆ ಮಾತ್ರವಲ್ಲದೆ ಅಧ್ಯಾಪಕರಿಗೂ ಸಂಸ್ಥೆಗಳನ್ನು ನಡೆಸುವವರಿಗೂ ಸಂಬಂಧಿಸಿದ್ದಾಗಿದೆ.

1. ಕ್ರಮದಲ್ಲಿಯೂ ಮತಭೇದ

ವರ್ಣಮಾಲೆಯ ಕ್ರಮ ಒಂದೇ ಎಂದು ತೋರಿದರೂ ವ್ಯವಹಾರದಲ್ಲಿ ಹಾಗಿಲ್ಲ. ಬಾಲಬೋಧೆಯಲ್ಲಿ ಅನುಸ್ವಾರ ವಿಸರ್ಗಗಳು ಔಕಾರದ ಅನಂತರ ಬರುತ್ತವೆ. ನಿಘಂಟುಗಳಲ್ಲಾದರೋ 'ಅಂಕ', 'ಅಂಗ' ಮೊದಲಾದ ಪದಗಳನ್ನು ಅಕಾರದ ಆರಂಭದಲ್ಲಿಯೇ ಇಡುವ ಪದ್ಧತಿ ಬಳಕೆಯಲ್ಲಿದೆ. ಕ್ಷಕಾರವನ್ನು ಕಕಾರದ ಒತ್ತಕ್ಷರವೆಂದು ಎಣಿಸಬೇಕೋ ಕೊನೆಯ ಪ್ರತ್ಯೇಕ ಅಕ್ಷರವೆಂದು ಎಣಿಸಬೇಕೋ ಎಂಬುದೂ ಹಾಗೆಯೇ. ಕೇಶಿರಾಜನು ವಿವೇಚಿಸಿದ ಱಕಾರ, ೞಕಾರಗಳು ಬಳಕೆಯಿಂದ ಜಾರಿದ ಮೇಲೆ ಅವುಗಳ ಸ್ಥಾನವನ್ನು ಕುರಿತ ಪ್ರಶ್ನೆ ಹಳಗನ್ನಡ ಕೋಶಗಳಿಗೆ ಮಾತ್ರ ಉಳಿಯಿತು. 1894ರ ಕಿಟ್ಟೆಲರ ನಿಘಂಟೇ ಆಗಲಿ, 1970ರಿಂದ 1995ರವರೆಗೆ 8 ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೇ ಆಗಲಿ, ಮುದ್ರಿತ ಕೋಶವು ಯಾವ ಕ್ರಮವನ್ನು ಅಂಗೀಕರಿಸಿತೋ ಅದು ಆ ಪುಟಗಳಲ್ಲಿ ಅಚ್ಚಾಗಿ ನಿಂತಿದೆ. ಓದುಗನು ಆ ಕ್ರಮಕ್ಕೆ ಹೊಂದಿಕೊಳ್ಳುತ್ತಾನೆ; ಕಣ್ತಪ್ಪಿದರೆ ಎರಡು ಪುಟ ಹಿಂದುಮುಂದು ತಿರುವಿ ನೋಡುತ್ತಾನೆ. ಯಂತ್ರಕ್ಕೆ ಆ ವಿವೇಕವಿಲ್ಲ.

2. ಯಂತ್ರವು ಹುಡುಕುವ ರೀತಿ

ಅಂಕೋಲಾ ಸೀಮೆಯ 7 ಊರುಗಳ ಹೆಸರನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು: ಅಂಕೋಲಾ, ಅಗಸೂರು, ಅವರ್ಸಾ, ಬೆಳಂಬಾರ, ಬೊಬ್ರುವಾಡ, ಭಾವಿಕೇರಿ, ಹಿಲ್ಲೂರು. ಇಲ್ಲಿ ಅನುಸ್ವಾರವುಳ್ಳ ಹೆಸರು ಮೊದಲಿಗೆ ಬಂದಿದೆ. ಯಂತ್ರವು ಪಟ್ಟಿಯನ್ನು ಮೊದಲಿನಿಂದ ಓದುವುದಿಲ್ಲ. ನಡುವಿನ ಹೆಸರನ್ನು ನೋಡಿ, ಬೇಕಾದುದು ಅದರ ಹಿಂದಿದೆಯೋ ಮುಂದಿದೆಯೋ ಎಂದು ನಿರ್ಣಯಿಸಿ, ಉಳಿದರ್ಧವನ್ನು ಕೈಬಿಡುತ್ತದೆ. 'ಬೊಬ್ರುವಾಡ'ವನ್ನು ಹುಡುಕುವಾಗ ನಡುವಿನ 'ಬೆಳಂಬಾರ'ವನ್ನು ಕಂಡು, ಮುಂದಿನ ಮೂರರಲ್ಲಿ ಮಾತ್ರ ಅರಸುತ್ತದೆ. ಲಕ್ಷ ಹೆಸರುಗಳಿದ್ದರೂ ಹೀಗೆ 17 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಇಂತಹ ಶೀಘ್ರಶೋಧನೆಗಾಗಿ ಸಿದ್ಧಪಡಿಸಿಟ್ಟ ಅನುಕ್ರಮಣಿಕೆಗೆ ಇಂಡೆಕ್ಸ್ ಎಂದು ಹೆಸರು.

ಪಟ್ಟಿ ಹಾಗೆಯೇ ಇದ್ದು, ಅನುಸ್ವಾರವು ಔಕಾರದ ಅನಂತರ ಬರತಕ್ಕದ್ದೆಂಬ ಹೊಸ ನಿಯಮವು ಯಂತ್ರಕ್ಕೆ ದೊರೆಯಿತೆಂದು ಭಾವಿಸೋಣ. ಈಗ 'ಅಂಕೋಲಾ' ಎಲ್ಲಿ ಎಂದು ಕೇಳಿದರೆ ಯಂತ್ರವು 'ಬೆಳಂಬಾರ'ದಿಂದ ಹಿಂದಕ್ಕೆ ಸರಿದು 'ಅಗಸೂರು' ಎಂಬುದನ್ನು ಕಾಣುತ್ತದೆ. ಹೊಸ ನಿಯಮದಂತೆ 'ಅಂಕೋಲಾ' ಅದರ ಮುಂದಿರಬೇಕಾದುದರಿಂದ 'ಅವರ್ಸಾ'ಕ್ಕೆ ಹೋಗುತ್ತದೆ. ಅಲ್ಲಿಯೂ ಇಲ್ಲದಿರಲು 'ಇಲ್ಲ' ಎಂದು ಉತ್ತರಿಸುತ್ತದೆ. ಹೆಸರು ಪಟ್ಟಿಯ ಶಿರಸ್ಸಿನಲ್ಲಿಯೇ ಇದೆ! ಇಲ್ಲವೆಂದು ಕೇಳಿದ ಲೆಕ್ಕಿಗನು ಅದನ್ನು ಮತ್ತೊಮ್ಮೆ ಬರೆಯುತ್ತಾನೆ. ಹೀಗೆ ಇದ್ದುದು ಇಲ್ಲದಂತಾಗಿ, ಒಂದಿದ್ದುದು ಎರಡಾಗುತ್ತದೆ. ಯಂತ್ರವು ದೋಷವನ್ನು ಸೂಚಿಸುವುದೂ ಇಲ್ಲ.

3. 2018ರ ಪರಿವರ್ತನೆ

ಇದು ಬರಿಯ ಊಹೆಯಲ್ಲ. ಲಿನಕ್ಸ್ ವ್ಯವಸ್ಥೆಯ ಬಹುಪಾಲು ತಂತ್ರಾಂಶಗಳು ಅಕ್ಷರಗಳನ್ನು ಹೋಲಿಸಲು ಗ್ನೂ ಸಿ ಲೈಬ್ರರಿಯನ್ನು ಆಶ್ರಯಿಸುತ್ತವೆ. ಲೈಬ್ರರಿಯೆಂದರೆ ಇಲ್ಲಿ ಗ್ರಂಥಾಲಯವಲ್ಲ. ಅನೇಕ ತಂತ್ರಾಂಶಗಳು ಸಮಾನವಾಗಿ ಬಳಸುವ ಕಾರ್ಯವಿಧಾನಗಳ ಭಂಡಾರ. 2018ರ ಆಗಸ್ಟಿನಲ್ಲಿ ಬಿಡುಗಡೆಯಾದ ಅದರ 2.28ನೆಯ ಆವೃತ್ತಿಯಲ್ಲಿ ಅಕ್ಷರಾನುಕ್ರಮದ ಕೋಷ್ಟಕವನ್ನು ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 14651ರ 2016ರ ಪಾಠಕ್ಕೆ ಹೊಂದಿಸಲಾಯಿತು. ಕ್ರಮ ಸುಧಾರಿಸಿತು, ನಿಜ. ಆದರೆ ಹಳೆಯ ಕ್ರಮವನ್ನು ನಂಬಿದ್ದ ಅನುಕ್ರಮಣಿಕೆಗಳಿಗೆ ಆಧಾರವೇ ತಪ್ಪಿತು.

ಒಂದು ಸರಳ ಪರೀಕ್ಷೆಯಿಂದ ಭೇದವು ಸ್ಪಷ್ಟವಾಗುತ್ತದೆ. '11' ಮತ್ತು '1-1' ಎಂಬ ಎರಡು ಸಂಖ್ಯೆಗಳನ್ನು ಅಮೆರಿಕದ ಇಂಗ್ಲಿಷ್ ಕ್ರಮದಲ್ಲಿ ಜೋಡಿಸಿದಾಗ ಹಳೆಯ ಆವೃತ್ತಿಯು '11' ಅನ್ನು ಮೊದಲು ಇಡುತ್ತಿತ್ತು. ಹೊಸದು '1-1' ಅನ್ನು ಮೊದಲು ಇಡುತ್ತದೆ. ಅಡ್ಡಗೆರೆಯುಳ್ಳ ದಾಖಲಾತಿ ಸಂಖ್ಯೆಗಳನ್ನು ಬಳಸುವ ಸಂಸ್ಥೆಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. 2019ರಲ್ಲಿ ಬಂದ ಡೆಬಿಯನ್ 10, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಇವುಗಳ ಮೂಲಕ ಈ ಆವೃತ್ತಿಯು ವ್ಯಾಪಕವಾಯಿತು. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಸಂಚಯ ತಂತ್ರಾಂಶವು ಈ ಲೈಬ್ರರಿಯ ಕ್ರಮವನ್ನೇ ಅವಲಂಬಿಸಿದ್ದುದರಿಂದ, ವ್ಯವಸ್ಥೆಯನ್ನು ಮಾತ್ರ ಹೊಸದಾಗಿಸಿ ಕಡತಗಳನ್ನು ಹಾಗೆಯೇ ಉಳಿಸಿಕೊಂಡ ಕಡೆಗಳಲ್ಲಿ ಅನುಕ್ರಮಣಿಕೆಗಳು ಕೆಡುವ ಸ್ಥಿತಿಯೊದಗಿತು. ಕಾರ್ಯವಿಧಾನದ ಹೆಸರು ಬದಲಾಗಲಿಲ್ಲ, ಕರೆಯುವ ರೀತಿ ಬದಲಾಗಲಿಲ್ಲ; ಅದು ಕೊಡುವ ಉತ್ತರ ಮಾತ್ರ ಬದಲಾಯಿತು. ಶಬ್ದ ಅದೇ, ಅರ್ಥ ಬೇರೆ ಎಂಬ ಈ ಬಗೆಯ ಪರಿವರ್ತನೆಯೇ ಅತ್ಯಂತ ಗೂಢವಾದುದು.

4. ಸ್ಥಿರತೆಯ ಬೆಲೆ

ಇದಕ್ಕೆ ಪ್ರತಿಯಾದ ಇನ್ನೊಂದು ಮಾರ್ಗವನ್ನು ಯೂನಿಕೋಡ್ ತೋರಿಸುತ್ತದೆ. ಅಲ್ಲಿ ಒಮ್ಮೆ ಕೊಟ್ಟ ಸಂಕೇತಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಬದಲಿಸುವಂತಿಲ್ಲ. ನಮ್ಮ ೞಕಾರಕ್ಕೆ ಅಲ್ಲಿ ತಪ್ಪಾಗಿ 'ಫ' ಎಂಬರ್ಥದ ಹೆಸರು ಬಿದ್ದಿತು. ತಪ್ಪೆಂದು ತಿಳಿದ ಮೇಲೂ ಮೂಲನಾಮವನ್ನು ಅಳಿಸದೆ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಸ್ಥಿರತೆಗಾಗಿ ತೆತ್ತ ಬೆಲೆ ಅದು. ಸಂಕೇತಸಂಖ್ಯೆಯ ಕ್ರಮವನ್ನೇ ಅನುಸರಿಸುವ ದತ್ತಸಂಚಯದಲ್ಲಿ ಅನುಕ್ರಮಣಿಕೆ ಕೆಡುವ ಭಯವಿಲ್ಲ; ಆದರೆ ೞಕಾರದ ಸಂಖ್ಯೆಯು ಸ್ವರಚಿಹ್ನೆಗಳ ಹಾಗೂ ಹಲಂತಚಿಹ್ನೆಯ ಆಚೆಗಿರುವುದರಿಂದ 'ಕೞ' ಎಂದು ತೊಡಗುವ ಪದಗಳು 'ಕ್ರಮ', 'ಕ್ಷಮೆ' ಇವುಗಳ ಹಿಂದೆ ಹೋಗಿ ಬೀಳುತ್ತವೆ. ಹುಡುಕಲು ಸಂಕೇತಕ್ರಮ, ಓದುಗನಿಗೆ ತೋರಿಸಲು ನಿಘಂಟುಕ್ರಮ ಎಂದು ಎರಡನ್ನು ಬೇರೆಬೇರೆ ಇರಿಸಿಕೊಳ್ಳುವುದು ವಿವೇಕದ ಮಾರ್ಗ.

5. ಪಾಲಿಸತಕ್ಕ ವಿಧಿಗಳು

ದತ್ತಸಂಚಯವನ್ನು ಕಾಯುವವರು ಗಮನಿಸಬೇಕಾದ ಅಂಶಗಳು ಇಷ್ಟು.

ಮೊದಲನೆಯದು, ವ್ಯವಸ್ಥೆಯನ್ನು ಬದಲಿಸುವ ಮುನ್ನ ಹಳೆಯ ಮತ್ತು ಹೊಸ ಲೈಬ್ರರಿಗಳ ಆವೃತ್ತಿಸಂಖ್ಯೆಯನ್ನು ತಿಳಿದಿರಬೇಕು, ಪೂರ್ಣಪ್ರತಿಯೊಂದನ್ನು ತೆಗೆದಿರಿಸಬೇಕು.

ಎರಡನೆಯದು, ದತ್ತಾಂಶವನ್ನು ಪಠ್ಯರೂಪದಲ್ಲಿ ಹೊರತೆಗೆದು ಹೊಸ ವ್ಯವಸ್ಥೆಯಲ್ಲಿ ತುಂಬಿದರೆ ಅನುಕ್ರಮಣಿಕೆ ಹೊಸ ಕ್ರಮದಲ್ಲಿಯೇ ರಚನೆಯಾಗುತ್ತದೆ. ಕಡತಗಳನ್ನು ಇದ್ದಂತೆಯೇ ಒಯ್ದಲ್ಲಿ 'ರೀಇಂಡೆಕ್ಸ್' ಆಜ್ಞೆಯಿಂದ ಅದನ್ನು ಪುನಃ ರಚಿಸತಕ್ಕದ್ದು.

ಮೂರನೆಯದು, ಈಗಾಗಲೇ ಎರಡಾಗಿರುವ ದಾಖಲೆಗಳಿದ್ದರೆ ಪುನಾರಚನೆ ಅರ್ಧದಲ್ಲಿ ನಿಲ್ಲುತ್ತದೆ. ಆಗ ಯಾವುದು ಮೂಲ, ಯಾವುದು ನಕಲು ಎಂಬುದನ್ನು ಪಾಠಪರಿಷ್ಕರಣಕಾರನಂತೆ ಮನುಷ್ಯನೇ ನಿರ್ಣಯಿಸಬೇಕು.

ನಾಲ್ಕನೆಯದು, 2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15ನೆಯ ಆವೃತ್ತಿಯಿಂದ ದತ್ತಸಂಚಯದ ಮೂಲಕ್ರಮದ ಆವೃತ್ತಿಯೂ ದಾಖಲಾಗಿ, ವ್ಯತ್ಯಾಸ ಕಂಡಾಗ ಎಚ್ಚರಿಕೆ ದೊರೆಯುತ್ತದೆ. ಆ ಎಚ್ಚರಿಕೆಯನ್ನು ಅಳಿಸುವ ಆಜ್ಞೆಯೂ ಇದೆ. ಪುನಾರಚನೆ ಮಾಡದೆ ಅದನ್ನು ಪ್ರಯೋಗಿಸುವುದು ರೋಗವಿರಲು ನಾಡಿ ನೋಡುವುದನ್ನು ಬಿಟ್ಟಂತೆ.

ಇಷ್ಟೆಲ್ಲ ಎಚ್ಚರ ಏತಕ್ಕೆಂದರೆ, ಕೋಶದಲ್ಲಿರುವುದು ಬರಿಯ ಅಕ್ಷರವಲ್ಲ. ಬೊಬ್ರುವಾಡದಂತಹ ಊರಿನಿಂದ ಬಂದು ಕಲಿತು ಹೋದವನ ದಾಖಲೆ ಅಲ್ಲಿದೆ. ತನ್ನ ಕಾಯಕದ ಫಲದಲ್ಲಿ ಒಂದಂಶವನ್ನು ವಿದ್ಯಾದಾಸೋಹಕ್ಕೆ ಅರ್ಪಿಸಿದವನ ಹೆಸರು ಅಲ್ಲಿದೆ. ಶರಣರ ನುಡಿಯೂ ಅಲ್ಲಿದೆ. ಹಲವು ವರ್ಷಗಳ ಅನಂತರ ಒಬ್ಬನು ಪ್ರಮಾಣಪತ್ರಕ್ಕಾಗಿ ಬಂದಾಗ 'ತಮ್ಮ ಹೆಸರು ನಮ್ಮಲ್ಲಿಲ್ಲ' ಎಂಬ ಉತ್ತರ, ಹೆಸರಿದ್ದೂ, ಹೊರಡುವಂತಾದರೆ ಅದು ಯಂತ್ರದ ತಪ್ಪೆಂದು ಹೇಳಿ ಕೈತೊಳೆದುಕೊಳ್ಳಲಾಗದು. ಓಲೆಗರಿಗಳಿಗೆ ಕಾಲಕಾಲಕ್ಕೆ ಎಣ್ಣೆ ಸವರಿ, ಸವೆದುದನ್ನು ಪ್ರತಿಮಾಡಿ, ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡಿದ ಹಿರಿಯರ ಶ್ರದ್ಧೆಯಿಂದಲೇ ಪ್ರಾಚೀನ ವಾಙ್ಮಯ ಉಳಿದು ಬಂದಿದೆ. ಸಾಧನ ಬದಲಾಗಿದೆ, ಹೋಲಿಸಿ ನೋಡುವ ಆ ಹೊಣೆ ಬದಲಾಗಿಲ್ಲ.