ಗರುಡನ ಬಿರುಕು

ಬಾಲಿಯ ಉಬುದ್ ಪಕ್ಕದ ಮಾಸ್ ಎಂಬ ಊರು ಮರಗೆತ್ತನೆಗೇ ಹೆಸರಾದದ್ದು. ಅಲ್ಲಿಯ ಕೆತ್ತನೆಗಾರ ನೆಲದ ಮೇಲೆ ಕೂತು, ದಿಮ್ಮಿಯನ್ನು ಎರಡು ಪಾದಗಳ ನಡುವೆ ಅಮುಕಿಕೊಂಡು ಉಳಿ ಹಿಡಿಯುತ್ತಾನೆ. ಅದನ್ನು ನೋಡಿದ ಹುಮ್ಮಸ್ಸಿನಲ್ಲಿ ಮೊಳದುದ್ದದ ಗರುಡನನ್ನು ಕೊಂಡೆ. ‘ಸುವಾರ್ ಮರ’ ಎಂದ ಅಂಗಡಿಯವ. ಅದು ನಮ್ಮ ರಸ್ತೆಬದಿಯ ಮಳೆಮರವೇ ಎಂದು ಗೊತ್ತಾದದ್ದು ಆಮೇಲೆ. ಅರ್ಧ ಬೆಲೆಗೆ ಇಳಿಸಿದೆನೆಂದು ನಾಲ್ಕು ಮಂದಿಯ ಮುಂದೆ ಹೇಳಿಕೊಂಡೆ ಕೂಡ.

ವಿಜಯಪುರದ ಏಪ್ರಿಲ್ ಬಂತು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ‘ಟಕ್’ ಎಂದಿತು. ನೋಡಿದರೆ ಗರುಡನ ಎದೆಯಿಂದ ರೆಕ್ಕೆಯವರೆಗೆ ಉಗುರು ಇಳಿಯುವಷ್ಟು ಸೀಳು.

ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಒಯ್ದೆ. ಅಲ್ಲೊಬ್ಬರು ಬಡಿಗೇರ ಕಾಕಾ ಇದ್ದಾರೆ. ಮೊದಲು ಕೂರಿಗೆ, ಚಕ್ಕಡಿ ಮಾಡುತ್ತಿದ್ದವರು, ಈಗ ಬಾಗಿಲ ಚೌಕಟ್ಟು. ಗರುಡನ ಮುಖವನ್ನು ಅವರು ನೋಡಲೇ ಇಲ್ಲ. ತಲೆಕೆಳಗು ಮಾಡಿ ಬುಡ ಮೂಸಿದರು, ಹೆಬ್ಬೆರಳಿನಿಂದ ಎಳೆ ಸವರಿದರು.

“ಹಸಿ ಕಟಗಿ ಕೆತ್ತ್ಯಾರ ತಮ್ಮಾ. ನೀರಿನ ಸೀಮಿಯಾಗ ಸುಮ್ಮನಿತ್ತು, ನಮ್ಮ ಬಿಸಲಿಗೆ ಬಾಯಿ ಬಿಟ್ಟೈತಿ. ಇಲ್ಲಿ ದ್ರಾಕ್ಷಿ ಬಿಸಲಾಗ ಒಣಗಸ್ತಾರೇನು? ಶೆಡ್ಡಿನಾಗ, ನೆರಳಿಗಿ. ಕಟಗೀನೂ ಹಂಗ. ಎಷ್ಟ ವರ್ಷ ಒಣಗಿಸಿದ್ದು ಅಂತ ಕೇಳಿದ್ಯೋ ಇಲ್ಲೋ?”

ನಾನು ಕೇಳಿದ್ದು ರೇಟು ಒಂದೇ.

ಅಂಟು ಹಾಕಿಕೊಡಿ ಎಂದರೆ ಒಪ್ಪಲಿಲ್ಲ. ಕಟ್ಟಿಗೆ ಇನ್ನೂ ಸರಿದಾಡುತ್ತದೆ, ಎರಡು ಬೇಸಿಗೆ ಬಿಡು ಎಂದರು. “ಬಬಲೇಶ್ವರದಾಗ ನಿಮ್ಮ ಸೋದರಮಾವನ ಮನಿ ಬಾಗಲಾ ನೋಡೀಯೇನು?” ಎಂದು ಕೇಳಿದರು. ಅದನ್ನು ಅವರ ಅಜ್ಜ ಕೆತ್ತಿದ್ದಂತೆ. ನೋಡಿದ್ದೇನೆಯೇ! ಚಿಕ್ಕಂದಿನಿಂದ ಆ ಗಿಡ್ಡ ಬಾಗಿಲಿಗೆ ತಲೆ ಬಡಿಸಿಕೊಂಡವನು ನಾನು. ಕಣ್ಣೆತ್ತಿ ನೋಡಿರಲಿಲ್ಲ, ಅಷ್ಟೇ. ಮುಂದಿನ ವಾರ ಹೋಗಿ ನೋಡಿದೆ. ವರ್ಷವರ್ಷ ಎಣ್ಣೆ ಕುಡಿದು ಕಪ್ಪಾದ ಸಾಗುವಾನಿ, ನಡುವೆ ಗಣಪತಿ, ಎರಡೂ ಕಡೆ ಬಳ್ಳಿ, ಗಿಳಿ. ಎಡಗಡೆಯ ಕಮಲದ ಒಂದು ದಳ ಉಳಿದವಕ್ಕಿಂತ ಕೊಂಚ ಗಿಡ್ಡ. ಉಳಿ ಜಾರಿರಬೇಕು, ಅಜ್ಜ ಅಲ್ಲೊಂದು ಸಣ್ಣ ಮೊಗ್ಗು ಮೂಡಿಸಿ ಸರಿದೂಗಿಸಿದ್ದಾನೆ. ಬಿರುಕು ಒಂದೂ ಇಲ್ಲ.

ಅಂದಿನಿಂದ ಸ್ವಂತ ಊರಿನಲ್ಲೇ ಪ್ರವಾಸಿಯಾಗಿದ್ದೇನೆ. ಆಸಾರ್ ಮಹಲಿನ ನಾಲ್ಕು ಮರದ ಕಂಬಗಳ ಕೆಳಗೆ ನಿಂತು ಕತ್ತೆತ್ತಿದೆ; 1646ರ ಕಟ್ಟಡ ಅದು, ಎಷ್ಟು ಏಪ್ರಿಲ್ ಕಂಡಿರಬೇಕು. ಮೆಹ್ತರ್ ಮಹಲಿನ ಬಾಲ್ಕನಿಯನ್ನು ಹೊತ್ತ ಊರೆಗಳಂತೂ ಅಪ್ಪಟ ಬಡಿಗೇರನ ಕೆಲಸ, ಆದರೆ ಕಲ್ಲಿನಲ್ಲಿ. ಗೋಳಗುಮ್ಮಟದ ಗಡಿಬಿಡಿಯಲ್ಲಿ ಇದನ್ನು ಬಿಟ್ಟು ಹೋಗುವವರೇ ಹೆಚ್ಚು. ನನ್ನನ್ನು ಕೇಳಿದರೆ ನಗರದಲ್ಲಿ ಇದಕ್ಕಿಂತ ನಾಜೂಕಾದ ಕೆಲಸ ಇನ್ನೊಂದಿಲ್ಲ.

ಕಾಕಾ ಹೇಳಿದ ಎರಡು ಬೇಸಿಗೆ ಕಳೆದವು. ಸೀಳು ಬೆಳೆದಿಲ್ಲ. ಅಮಾವಾಸ್ಯೆಗೆ ಅವರು ಉಳಿ ಮುಟ್ಟುವುದಿಲ್ಲ. ಅದು ಮುಗಿದ ಮರುದಿನ ಗರುಡನನ್ನು ತಿಕೋಟಾಕ್ಕೆ ಒಯ್ಯಬೇಕು.