ಎರಡು ಹುಟ್ಟಿನ ಪದ

ಹಕ್ಕಿಗೂ ಹಲ್ಲಿಗೂ ಏನು ನಂಟು? ಮೇಲುನೋಟಕ್ಕೆ ಏನೂ ಇಲ್ಲ. ಆದರೂ ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ದ್ವಿಜ’ ಎಂಬ ಪದವು ಇವೆರಡನ್ನೂ ಸೂಚಿಸುತ್ತದೆ. ‘ದ್ವಿ’ ಎಂದರೆ ಎರಡು. ‘ಜ’ ಎಂದರೆ ಹುಟ್ಟಿದ್ದು. ‘ಅಮರಕೋಶ’ವು ಈ ಪದಕ್ಕೆ ಹಲ್ಲು, ಬ್ರಾಹ್ಮಣ, ಮೊಟ್ಟೆಯಿಂದ ಹುಟ್ಟುವ ಜೀವಿ ಎಂಬ ಅರ್ಥಗಳನ್ನು ಕೊಡುತ್ತದೆ.

ಹಕ್ಕಿಯು ಮೊದಲು ತತ್ತಿಯಾಗಿ ತಾಯೊಡಲಿನಿಂದ ಹೊರಬರುತ್ತದೆ. ಬಳಿಕ ಚಿಪ್ಪನ್ನೊಡೆದು ಮರಿಯಾಗಿ ಮತ್ತೊಮ್ಮೆ ಹುಟ್ಟುತ್ತದೆ. ಹಲ್ಲಿನ ಕಥೆಯೂ ಹೀಗೆಯೇ. ಮಗುವಿಗೆ ಸುಮಾರು ಆರು ವರ್ಷ ತುಂಬುವಾಗ ಹಾಲುಹಲ್ಲುಗಳು ಬೀಳತೊಡಗುತ್ತವೆ. ಅವುಗಳ ಎಡೆಯಲ್ಲಿ ಹೊಸವು ಮೂಡುತ್ತವೆ. ಲೆಕ್ಕ ಹಿಡಿದು ನೋಡಿದರೆ ಈ ಹೆಸರು ಪೂರ್ತಿ ಒಪ್ಪುವುದಿಲ್ಲವೆನ್ನಿ. ಹಾಲುಹಲ್ಲುಗಳು 20, ಬೆಳೆದವರ ಹಲ್ಲುಗಳು 32. ಹಿಂಬದಿಯ 12 ದವಡೆಹಲ್ಲುಗಳು ಒಮ್ಮೆ ಮಾತ್ರ ಹುಟ್ಟುವಂಥವು. ಪದ ಕಟ್ಟಿದವರು ಎದುರಿನ ಹಲ್ಲುಗಳನ್ನಷ್ಟೇ ನೋಡಿದ್ದರೇನೋ!

ಕಾವ್ಯವನ್ನೋದುವಾಗ ಸಂದರ್ಭವನ್ನು ಗಮನಿಸದೆ ಈ ಪದಕ್ಕೆ ಅರ್ಥ ಹೇಳುವಂತಿಲ್ಲ. ಬೆಳಗಿನ ತೋಪಿನಲ್ಲಿ ದ್ವಿಜರ ದನಿ ಎದ್ದಿತೆಂದರೆ ಅದು ವೇದಘೋಷವೂ ಆಗಬಹುದು, ಹಕ್ಕಿಗಳ ಕಲರವವೂ ಆಗಬಹುದು. ಶ್ಲೇಷಪ್ರಿಯನಾದ ಕವಿಗೆ ಎರಡೂ ಬೇಕು. ‘ದ್ವಿಜರಾಜ’ ಎಂಬುದಂತೂ ಚಂದ್ರನ ಹೆಸರುಗಳಲ್ಲೊಂದು.

ಮನುಷ್ಯನಿಗೆ ಅನ್ವಯಿಸಿದಾಗ ಪದದ ಅರ್ಥ ಆಳವಾಯಿತು. ‘ಉಪನಯನ’ವೆಂದರೆ ಗುರುವಿನ ಬಳಿಗೆ ಕರೆದೊಯ್ಯುವುದು. ಗುರುವು ಶಿಷ್ಯನನ್ನು ಮೂರು ರಾತ್ರಿ ತನ್ನ ಗರ್ಭದಲ್ಲಿ ಧರಿಸುವನೆಂಬ ಕಲ್ಪನೆ ಅಥರ್ವವೇದದಲ್ಲಿದೆ. ತಾಯಿ ಕೊಟ್ಟದ್ದು ದೇಹ, ಗುರು ಕೊಡುವುದು ಅರಿವು ಎಂಬ ಈ ಭಾವನೆ ಉದಾತ್ತವಾದುದೇ ಸರಿ. ಆದರೆ ಧರ್ಮಶಾಸ್ತ್ರಗಳು ಎರಡನೆಯ ಹುಟ್ಟಿಗೆ ಬೇಲಿ ಹಾಕಿದವು. ಮನುಸ್ಮೃತಿಯ ಪ್ರಕಾರ ಅದು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರೆಂಬ ಮೂರು ವರ್ಣಗಳವರಿಗೆ ಮೀಸಲು. ಶೂದ್ರನಿಗೆ ಹುಟ್ಟು ಒಂದೇ. ಹೆಣ್ಣಿಗೆ ವಿವಾಹವೇ ಉಪನಯನ. ಎರಡನೆಯ ಹುಟ್ಟು ಯಾರಿಗೆ ಸಲ್ಲಬೇಕೆಂಬುದನ್ನು ಮೊದಲನೆಯ ಹುಟ್ಟೇ ನಿರ್ಧರಿಸುವುದಾದರೆ, ಎರಡನೆಯದರಲ್ಲಿ ಹೊಸತೇನು ಉಳಿಯಿತು?

ಕನ್ನಡನಾಡಿನಲ್ಲಿ 12ನೆಯ ಶತಮಾನದ ಶರಣರು ಈ ಬೇಲಿಯನ್ನು ಕಿತ್ತರು. ಇಷ್ಟಲಿಂಗದ ದೀಕ್ಷೆ ಯಾವ ಕುಲದವರಿಗೂ ದೊರೆಯಿತು. ಹೆಣ್ಣುಗಂಡೆಂಬ ಭೇದ ಅಲ್ಲಿರಲಿಲ್ಲ. ದೋಣಿ ನಡೆಸುವ ಚೌಡಯ್ಯನೂ ಶರಣನಾದನು. ಅಕ್ಕಿಯನ್ನಾಯುವ ಕಾಯಕದ ಮಾರಯ್ಯನ ಮಡದಿ ಲಕ್ಕಮ್ಮನೂ ಶರಣೆಯಾದಳು. ದೀಕ್ಷೆ ಪಡೆದವರನ್ನು ಕುರಿತು ‘ದ್ವಿಜ’ ಎನ್ನದೆ ‘ಪುನರ್ಜಾತ’ ಎಂದರು. ಬಿಟ್ಟುಬಂದ ಕುಲಕ್ಕೆ ‘ಪೂರ್ವಾಶ್ರಯ’ವೆಂದು ಹೆಸರು. ಶರಣನಾದವನ ಪೂರ್ವಾಶ್ರಯವನ್ನು ಕೆದಕಿ ಕೇಳುವುದು ಅವರ ಕಣ್ಣಿಗೆ ಅಪರಾಧವಾಗಿತ್ತು.