ಪ್ರಜೆಯ ಕಣ್ಣಿನಲ್ಲಿ ರಾಷ್ಟ್ರದ ಬೊಕ್ಕಸ

ಕನ್ನಡದ ‘ತೆರಿಗೆ’ ಎಂಬ ಶಬ್ದವು ‘ತೆರು’ ಎಂಬ ಧಾತುವಿನಿಂದ ಬಂದುದು. ತೆರುವುದೆಂದರೆ ಸಲ್ಲತಕ್ಕುದನ್ನು ಸಲ್ಲಿಸುವುದು. ‘ಸುಂಕ’ವಾದರೋ ಸಂಸ್ಕೃತದ ‘ಶುಲ್ಕ’ದ ತದ್ಭವ. ಶಬ್ದಗಳು ಇಷ್ಟು ಪರಿಚಿತವಾಗಿದ್ದರೂ ಅವುಗಳ ಹಿಂದಿರುವ ಲೆಕ್ಕವು ನಮ್ಮಲ್ಲಿ ಹಲವರಿಗೆ ಅಪರಿಚಿತ. ಆಯವ್ಯಯವೆಂಬುದು ಅರ್ಥಶಾಸ್ತ್ರಜ್ಞರ ವಿಷಯ, ನಮಗೇಕೆ ಎಂಬ ಔದಾಸೀನ್ಯ ವಿದ್ಯಾವಂತರಲ್ಲಿಯೂ ಉಂಟು. ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಗಳಾಗಿದ್ದರು. ಬೊಕ್ಕಸವನ್ನು ಬರಿದುಮಾಡಿದರೆಂಬ ದೂರು ಬಂದಾಗ ಲೆಕ್ಕವನ್ನೊಪ್ಪಿಸಿ ನಿರ್ದೋಷಿಗಳೆನಿಸಿದರೆಂದು ಪುರಾಣಕಾವ್ಯಗಳು ಹೇಳುತ್ತವೆ. ಅಂಥವರ ಪರಂಪರೆಯಲ್ಲಿ ಬಂದ ನಮಗೆ ಲೆಕ್ಕದ ವಿಷಯದಲ್ಲಿ ಔದಾಸೀನ್ಯ ಭೂಷಣವಲ್ಲ.

ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಲಾಗದೆಂದು ಸಂವಿಧಾನದ 265ನೆಯ ಅನುಚ್ಛೇದವು ಸಾರುತ್ತದೆ. 266ನೆಯದರಂತೆ ಕೇಂದ್ರದ ವರಮಾನವೂ ಅದು ಎತ್ತಿದ ಸಾಲವೂ ಸಂಚಿತ ನಿಧಿಯನ್ನು ಸೇರುತ್ತವೆ. ಸಂಸತ್ತಿನ ಒಪ್ಪಿಗೆಯಿಲ್ಲದೆ ಅದರಿಂದ ಒಂದು ಕಾಸನ್ನೂ ತೆಗೆಯುವಂತಿಲ್ಲ. ಆದುದರಿಂದ ಬೊಕ್ಕಸದ ಒಡೆಯನು ಪ್ರಜೆ. ಸರ್ಕಾರವು ಭಂಡಾರಿ ಮಾತ್ರ.

ಈಗ 2025-26ನೆಯ ಸಾಲಿನ ಕೇಂದ್ರ ಆಯವ್ಯಯದ ಅಂದಾಜನ್ನು ಅವಲೋಕಿಸೋಣ. ಬೊಕ್ಕಸಕ್ಕೆ ಬರುವ ಪ್ರತಿಯೊಂದು ರೂಪಾಯಿಯಲ್ಲಿ ಆದಾಯ ತೆರಿಗೆಯಿಂದ 22 ಪೈಸೆ, ಸರಕು ಮತ್ತು ಸೇವಾ ತೆರಿಗೆ ಮೊದಲಾದುವುಗಳಿಂದ 18, ಕಂಪನಿಗಳ ತೆರಿಗೆಯಿಂದ 17, ಅಬಕಾರಿ ಸುಂಕದಿಂದ 5, ಆಮದು ಸುಂಕದಿಂದ 4, ತೆರಿಗೆಯೇತರ ವರಮಾನದಿಂದ 9, ಸಾಲವಲ್ಲದ ಬಂಡವಾಳ ಜಮೆಯಿಂದ 1. ಉಳಿದ 24 ಪೈಸೆ ಸಾಲ. ‘ನಾನು ತೆರಿಗೆ ಕಟ್ಟುವವನಲ್ಲ’ ಎನ್ನುವ ಕೂಲಿಕಾರನೂ ಸೋಪು ಕೊಂಡಾಗ, ಬಸ್ಸಿನ ಡೀಸೆಲ್ಲಿನ ಭಾರವನ್ನು ಟಿಕೆಟ್ಟಿನಲ್ಲಿ ಹೊತ್ತಾಗ ತೆರುತ್ತಲೇ ಇದ್ದಾನೆ. ಅವನಿಗೆ ರಸೀದಿ ದೊರೆಯುವುದಿಲ್ಲ ಅಷ್ಟೆ.

ಇನ್ನು ವ್ಯಯದ ಮುಖ. ರಾಜ್ಯಗಳ ತೆರಿಗೆ ಪಾಲಿಗೆ 22 ಪೈಸೆ, ಬಡ್ಡಿಗೆ 20, ಕೇಂದ್ರದ ಯೋಜನೆಗಳಿಗೆ 16, ರಕ್ಷಣೆಗೆ 8, ಕೇಂದ್ರ ಪುರಸ್ಕೃತ ಯೋಜನೆಗಳಿಗೆ 8, ಹಣಕಾಸು ಆಯೋಗದ ಮತ್ತಿತರ ವರ್ಗಾವಣೆಗಳಿಗೆ 8, ಮುಖ್ಯ ಸಹಾಯಧನಗಳಿಗೆ 6, ನಿವೃತ್ತಿವೇತನಕ್ಕೆ 4, ಇತರ ವೆಚ್ಚಗಳಿಗೆ 8. ರಕ್ಷಣೆ, ಸಹಾಯಧನ, ನಿವೃತ್ತಿವೇತನ ಈ ಮೂರೂ ಕೂಡಿದರೆ 18 ಪೈಸೆ. ಬಡ್ಡಿಯೊಂದೇ ಅದನ್ನು ಮೀರಿದೆ. ಈ ಬಡ್ಡಿಯ ಮೊತ್ತ ಸುಮಾರು 12.76 ಲಕ್ಷ ಕೋಟಿ ರೂಪಾಯಿ. ಹಿಂದಿನವರು ಮಾಡಿದ ಸಾಲಕ್ಕೆ ಇಂದಿನವರು ತೆರುವ ಹಣವಿದು.

ಹಾಗಾದರೆ ಈ ಸಾಲವನ್ನು ಕೊಟ್ಟವರಾರು? ಬಹುಪಾಲು ನಾವೇ. ಬ್ಯಾಂಕಿನ ಠೇವಣಿ, ಜೀವವಿಮೆಯ ಕಂತು, ಭವಿಷ್ಯನಿಧಿಯ ವಂತಿಗೆ ಇವುಗಳಲ್ಲಿ ಗಣನೀಯ ಭಾಗ ಸರ್ಕಾರದ ಸಾಲಪತ್ರಗಳಲ್ಲಿ ನೆಲೆಸಿದೆ. ಆದುದರಿಂದ ಮನೆಯ ಸಾಲಕ್ಕೂ ರಾಷ್ಟ್ರದ ಸಾಲಕ್ಕೂ ಹೋಲಿಕೆ ಪೂರ್ಣವಲ್ಲ; ಇಲ್ಲಿ ಋಣಿಯೂ ಧನಿಕನೂ ಒಂದೇ ಕುಟುಂಬದವರು. ಆದರೆ ಇದರಿಂದ ನಿಶ್ಚಿಂತರಾಗಲಾಗದು. ಠೇವಣಿಯಿರುವವನಿಗೆ ಬಡ್ಡಿ ಬರುತ್ತದೆ. ಆ ಬಡ್ಡಿಗಾಗಿ ತೆರುವವರಲ್ಲಿ ಠೇವಣಿಯೇ ಇಲ್ಲದ ಕೂಲಿಕಾರನೂ ಸೇರಿದ್ದಾನೆ. ನ್ಯಾಯದ ಪ್ರಶ್ನೆ ಏಳುವುದು ಇಲ್ಲಿಯೇ.

ಹೊರದೇಶಗಳಿಗೆ ತೆರಬೇಕಾದ ಋಣದ ಸ್ವರೂಪ ಬೇರೆ. ಅದನ್ನು ವಿದೇಶೀ ನಾಣ್ಯದಲ್ಲಿಯೇ ತೀರಿಸಬೇಕು. 1991ರಲ್ಲಿ ಆ ನಾಣ್ಯದ ಮುಗ್ಗಟ್ಟು ಬಂದಾಗ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಹೊರನಾಡಿನ ಬ್ಯಾಂಕುಗಳಲ್ಲಿ ಒತ್ತೆಯಿಡಬೇಕಾಯಿತು. ಆ ಪಾಠವನ್ನು ಮರೆಯಬಾರದು.

ಸಾಲವೆಲ್ಲವೂ ದೋಷವೇ? ಅಲ್ಲ. ಕೆರೆ ಕಟ್ಟಲು ತಂದ ಸಾಲವನ್ನು ಕೆರೆಯ ನೀರೇ ತೀರಿಸೀತು. ಉಂಡು ತೀರಿಸಿದ ಸಾಲವನ್ನು ಮಕ್ಕಳು ತೀರಿಸಬೇಕು. 2025-26ರ ಅಂದಾಜಿನಂತೆ ಒಟ್ಟು ಕೊರತೆ 15.69 ಲಕ್ಷ ಕೋಟಿ. ಅದರಲ್ಲಿ ರಾಜಸ್ವ ಕೊರತೆ, ಎಂದರೆ ನಿತ್ಯದ ವೆಚ್ಚಕ್ಕೆ ಸಾಲದೆ ಬಂದ ಕೊರತೆ, 5.24 ಲಕ್ಷ ಕೋಟಿ. ಇದು ಸುಮಾರು ಮೂರನೆಯ ಒಂದು ಪಾಲು. ರಾಜಸ್ವ ವೆಚ್ಚದಲ್ಲಿಯೂ ಆಸ್ತಿ ನಿರ್ಮಾಣಕ್ಕೆಂದು ಕೊಡುವ ಅನುದಾನಗಳಿವೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. 2003ರ ವಿತ್ತೀಯ ಹೊಣೆಗಾರಿಕೆಯ ಕಾಯಿದೆ ಹುಟ್ಟಿದುದು ಇಂಥ ಕೊರತೆಗಳಿಗೆ ಕಡಿವಾಣ ಹಾಕಲೆಂದೇ.

ರಾಜ್ಯಗಳ ಪಾಲಿನ ವಿಚಾರವೂ ಗಮನಾರ್ಹ. 15ನೆಯ ಹಣಕಾಸು ಆಯೋಗವು ಹಂಚತಕ್ಕ ತೆರಿಗೆಯಲ್ಲಿ ಶೇ. 41ನ್ನು ರಾಜ್ಯಗಳಿಗೆಂದು ನಿಗದಿಮಾಡಿತು. ಉಪಕರ, ಅಧಿಭಾರಗಳು ಈ ಹಂಚಿಕೆಗೆ ಒಳಪಡುವುದಿಲ್ಲ. ಅದರಲ್ಲಿ ಕರ್ನಾಟಕದ ಪಾಲು 14ನೆಯ ಆಯೋಗದ ಶೇ. 4.713ರಿಂದ ಶೇ. 3.647ಕ್ಕೆ ಇಳಿಯಿತು. ಉಳ್ಳವರು ಇಲ್ಲದವರಿಗೆ ಕೊಡುವುದು ದಾಸೋಹಧರ್ಮವೇ ಸರಿ; ಆದರೆ ಎಷ್ಟು, ಯಾವ ಅಳತೆಯಿಂದ ಎಂದು ಕೇಳುವುದು ಅಧರ್ಮವಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆ ನಮಗೆಲ್ಲ ತಿಳಿದುದೇ. ಅವರು ಅಳೆದುದು ಅಕ್ಕಿಯನ್ನಲ್ಲ, ಆಶೆಯನ್ನು. ನಾವಾದರೋ ತೆರಿಗೆ ಬೇಡ, ಸವಲತ್ತು ಬೇಕು ಎನ್ನುತ್ತೇವೆ. ಇವೆರಡರ ನಡುವಣ ಅಂತರವೇ ಸಾಲವಾಗಿ ಬೆಳೆಯುತ್ತದೆ. ತೆರಿಗೆಯನ್ನು ಮರೆಮಾಚುವವನೂ ತೆತ್ತ ಹಣದ ಲೆಕ್ಕ ಕೇಳದವನೂ ಈ ಋಣದಲ್ಲಿ ಪಾಲುದಾರರು.

ಪ್ರತಿ ವರ್ಷ ಆಯವ್ಯಯ ಮಂಡನೆಯಾದ ಮರುದಿನ ಉಪಾಧ್ಯಾಯರು ಈ ನೂರು ಪೈಸೆಯ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಲಿ. ದಾನಿಗಳ ಒಂದೊಂದು ಕಾಸಿಗೂ ಲೆಕ್ಕವಿಟ್ಟು ಬೆಳೆದ ವಿದ್ಯಾಸಂಸ್ಥೆಯ ಮಕ್ಕಳು ರಾಷ್ಟ್ರದ ಲೆಕ್ಕವನ್ನೂ ಓದಬಲ್ಲವರಾಗಲಿ. ಆ ಸಾಲವನ್ನು ನಾಳೆ ಹೊರಬೇಕಾದವರು ಅವರೇ ಅಲ್ಲವೆ?